ಎದೆಯುರಿ, ಅಜೀರ್ಣಕ್ಕೆ ಅತಿಮಧುರ: ಬೇರು, ಪುಡಿ, ಮಾತ್ರೆಗಳಲ್ಲಿ ಯಾರಿಗೆ ಯಾವುದು

ಕೊಡಗಿನಲ್ಲಿ 'ಗ್ಯಾಸ್ಟ್ರಿಕ್' ಎನ್ನುವ ಮಾತು ಕೇಳದ ಮನೆ ಇಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಲೋಟ ಕಾಫಿ. ಕಾಫಿ ಕೊಯ್ಲಿನ ದಿನಗಳಲ್ಲಿ ಮಧ್ಯಾಹ್ನದ ಊಟ ಮೂರು ಗಂಟೆಗೆ. ಮದುವೆ ಮನೆ ಅಂದರೆ ರಾತ್ರಿ ಹತ್ತಕ್ಕೆ ಕಾಚಂಪುಳಿ ಹಾಕಿದ ಪಂದಿಕರಿ, ಕಡಂಬುಟ್ಟು. ಮಾರನೇ ದಿನ ಹುಳಿತೇಗು, ಎದೆಯುರಿ, ಹೊಟ್ಟೆ ಕಲ್ಲಾದ ಹಾಗೆ. ಆಗ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: 'ಇಂಗ್ಲಿಷ್ ಮಾತ್ರೆ ಯಾಕೆ, ಅತಿಮಧುರ ತಗೊಳ್ಳಿ, ಬೇರು ತಾನೇ, ಏನೂ ಆಗಲ್ಲ.'

ಆ ಮಾತು ಅರ್ಧ ನಿಜ. ಉಳಿದರ್ಧ ನನಗೆ ಗೊತ್ತಾಗಿದ್ದು ಅವ್ವನ ಕಾಲು ನೋಡಿದ ಮೇಲೆ.

ಅವ್ವನಿಗೆ ಆಗ 68. ಬಿಪಿ ಮಾತ್ರೆ ನುಂಗುತ್ತಿದ್ದರು. ಜೂನ್ ಮಳೆ ಹಿಡಿದಾಗ ಎದೆಯುರಿ ಶುರುವಾಯಿತು. ನಾನೇ ಕಾಲು ಕೆಜಿ ಅತಿಮಧುರದ ಪುಡಿ ತಂದುಕೊಟ್ಟೆ. ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ, ಬಿಸಿನೀರಿನಲ್ಲಿ. ಎರಡೇ ವಾರದಲ್ಲಿ ಉರಿ ಕಡಿಮೆಯಾಯಿತು. ಅವ್ವನಿಗೆ ಖುಷಿಯಾಯಿತು, ಮುಂದುವರಿಸಿದರು. ಕಕ್ಕಡ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಮುಗಿಯುವ ಹೊತ್ತಿಗೆ ಚಪ್ಪಲಿಯ ಪಟ್ಟಿ ಪಾದದಲ್ಲಿ ಅಚ್ಚೊತ್ತತೊಡಗಿತು. ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಕಣದಿಂದ ಮನೆಗೆ ಬರುವ ನಾಲ್ಕು ಮೆಟ್ಟಿಲು ಹತ್ತುವಾಗ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬಿಪಿ ನೋಡಿದರೆ 170/100. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.9. ಅದು ಸಾಮಾನ್ಯವಾಗಿ 3.5ರಿಂದ 5ರ ನಡುವೆ ಇರಬೇಕು.

'ಮಾತ್ರೆ ಬಿಟ್ಟು ಬೇರೆ ಏನು ತಗೊಳ್ತಿದ್ದೀರಿ?' ಅಂತ ಡಾಕ್ಟರ್ ಕೇಳಿದರು. ಅವ್ವ 'ಏನೂ ಇಲ್ಲ' ಅಂದರು. ಬೇರಿನ ಪುಡಿಯನ್ನು ಅವರು ಔಷಧಿಯ ಲೆಕ್ಕಕ್ಕೇ ಸೇರಿಸಿರಲಿಲ್ಲ. ನನಗೂ ಹೊಳೆದಿದ್ದು ವಾಪಸ್ ಹೊರಡುವಾಗ, ಬಾಗಿಲ ಹತ್ತಿರ. ಹಿಂದಿರುಗಿ ಹೋಗಿ ಹೇಳಿದೆ. ಪುಡಿ ನಿಲ್ಲಿಸಿ, ಪೊಟ್ಯಾಸಿಯಂ ಕೊಟ್ಟು, ಮೂರು ವಾರದಲ್ಲಿ ಎಲ್ಲ ಸರಿಹೋಯಿತು.

ಇದರಿಂದ ಅತಿಮಧುರವೇ ಕೆಟ್ಟದ್ದು ಅಂತ ನಾನು ತೀರ್ಮಾನಿಸಲಿಲ್ಲ. ಈಗಲೂ ನಮ್ಮ ಮನೆಯಲ್ಲಿ ಇದೆ. ಆದರೆ 'ಅತಿಮಧುರ' ಅಂತ ಬರೆದಿರುವ ನಾಲ್ಕು ಸಾಮಾನು ನಾಲ್ಕು ಥರ ಕೆಲಸ ಮಾಡುತ್ತವೆ. ಯಾವುದರಲ್ಲಿ ಗ್ಲಿಸಿರೈಜಿನ್ (ಬೇರಿಗೆ ಸಿಹಿ ಕೊಡುವ ಅಂಶ) ಇದೆ, ಎಷ್ಟು ಗ್ರಾಂ, ಎಷ್ಟು ದಿನ? ಈ ಮೂರು ಗೊತ್ತಿಲ್ಲದೆ ಕೊಳ್ಳಬೇಡಿ.

ಮೊದಲು ಆ ಗ್ಲಿಸಿರೈಜಿನ್ ವಿಷಯ

ಅತಿಮಧುರ, ಜೇಷ್ಠಮಧು, ಯಷ್ಟಿಮಧು ಎಲ್ಲ ಒಂದೇ. ಉತ್ತರದಿಂದ ಬರುವ ಪ್ಯಾಕೆಟ್ ಮೇಲೆ 'ಮುಲೇಠಿ' ಅಂತ ಇರುತ್ತದೆ. ನಮ್ಮ ಕಡೆ ಬೆಳೆಯುವ ಗಿಡ ಅಲ್ಲ. ಅಂಗಡಿಗೆ ಬರುವ ಬೇರು ಹೆಚ್ಚಾಗಿ ಅಫ್ಘಾನಿಸ್ತಾನ, ಇರಾನ್, ಮಧ್ಯ ಏಷ್ಯಾ ಕಡೆಯದು. ಅದನ್ನು ಜಗಿದಾಗ ಬರುವ ಸಿಹಿ ಗ್ಲಿಸಿರೈಜಿನ್‌ನದು. ಸಕ್ಕರೆಗಿಂತ ಹತ್ತಾರು ಪಟ್ಟು ಜಾಸ್ತಿ ಸಿಹಿ.

ತೊಂದರೆ ಕೊಡುವುದೂ ಅದೇ. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಅಂತ ಒಂದು ಹಾರ್ಮೋನು ಇರುತ್ತದೆ. ಮೂತ್ರಪಿಂಡಕ್ಕೆ ಬಂದಾಗ ಅಲ್ಲಿರುವ ಒಂದು ಕಿಣ್ವ ಅದನ್ನು ಸುಮ್ಮನಾಗಿಸುತ್ತದೆ. ಗ್ಲಿಸಿರೈಜಿನ್ ಆ ಕಿಣ್ವಕ್ಕೆ ಅಡ್ಡ ಬರುತ್ತದೆ. ಆಗ ಕಾರ್ಟಿಸಾಲ್ 'ಉಪ್ಪು ಹಿಡಿದಿಟ್ಟುಕೋ, ಪೊಟ್ಯಾಸಿಯಂ ಹೊರಗೆ ಹಾಕು' ಅಂತ ಮೂತ್ರಪಿಂಡಕ್ಕೆ ಹೇಳುತ್ತಲೇ ಇರುತ್ತದೆ. ಉಪ್ಪಿನ ಜೊತೆ ನೀರೂ ನಿಲ್ಲುತ್ತದೆ. ಕಾಲು ಊದುತ್ತದೆ, ಬಿಪಿ ಏರುತ್ತದೆ. ಪೊಟ್ಯಾಸಿಯಂ ತೀರಾ ಇಳಿದರೆ ಸ್ನಾಯು ಸೋಲುತ್ತದೆ, ಎದೆಬಡಿತದ ತಾಳವೇ ತಪ್ಪಬಹುದು. ಪುಡಿ ನಿಲ್ಲಿಸಿದ ದಿನವೇ ಇದು ಸರಿಹೋಗುವುದಿಲ್ಲ, ವಾರಗಳು ಬೇಕು.

ಇದೇನೂ ಹೊಸ ಸುದ್ದಿ ಅಲ್ಲ. 1946ರಲ್ಲೇ ನೆದರ್ಲೆಂಡ್ಸ್‌ನ ರೆವರ್ಸ್ ಎಂಬ ವೈದ್ಯರು ಇದನ್ನು ಬರೆದಿದ್ದಾರೆ. ಹೊಟ್ಟೆಹುಣ್ಣಿನವರಿಗೆ ಅತಿಮಧುರದ ಗಟ್ಟಿರಸ ಕೊಟ್ಟಾಗ ಹುಣ್ಣು ವಾಸಿಯಾಗುತ್ತಿತ್ತು, ಆದರೆ ಕೆಲವರ ಮೈ ಊದುತ್ತಿತ್ತು. ಗುಣ ಮತ್ತು ದೋಷ ಎರಡನ್ನೂ ಒಟ್ಟಿಗೇ ಕಂಡರು ಅವರು. ಆಮೇಲೆ ಇದೇ ಬೇರಿನ ಅಂಶದಿಂದ ಕಾರ್ಬೆನೊಕ್ಸೊಲೋನ್ ಅಂತ ಹುಣ್ಣಿನ ಮಾತ್ರೆಯನ್ನೇ ಮಾಡಿದರು. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅದು ಬಳಕೆಗೆ ಬಂತು. ಅದರಲ್ಲೂ ಅದೇ ಊತ, ಅದೇ ಬಿಪಿ. ಬೇರೆ ಒಳ್ಳೆಯ ಮಾತ್ರೆ ಬಂದ ಮೇಲೆ ಹಿಂದೆ ಸರಿಯಿತು.

ಹಾಗಾದರೆ ಎಷ್ಟು ತಗೊಂಡರೆ ಅಪಾಯ ಇಲ್ಲ? ಯುರೋಪಿನ ಆಹಾರ ವಿಜ್ಞಾನ ಸಮಿತಿ 2003ರಲ್ಲಿ ಕೊಟ್ಟ ಲೆಕ್ಕ ನೆನಪಿಡಲು ಸುಲಭ: ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟಬಾರದು. ಅದೂ ಆರೋಗ್ಯವಂತರಿಗೆ. ಈ 100ನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗೋಣ.

ಪುಡಿ

ಎಲ್ಲಕ್ಕಿಂತ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಭಾರತದ ಆಯುರ್ವೇದ ಫಾರ್ಮಕೋಪಿಯಾ, ಅಂದರೆ ಸರ್ಕಾರದ ಔಷಧಿ ಗ್ರಂಥ, ಹೇಳುವ ಪ್ರಮಾಣ ದಿನಕ್ಕೆ 2ರಿಂದ 4 ಗ್ರಾಂ ಪುಡಿ.

ನಮ್ಮ ಮನೆಯ ಟೀ ಚಮಚವನ್ನು ಅಡುಗೆ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿದ ಚಮಚ ಎರಡೂವರೆ ಗ್ರಾಂ. ಅವ್ವ ಹಾಕಿಕೊಳ್ಳುತ್ತಿದ್ದ ಹಾಗೆ ಗೋಪುರ ಕಟ್ಟಿದ ಚಮಚ ನಾಲ್ಕು ಗ್ರಾಂ. ಬೇರಿನಲ್ಲಿ ಗ್ಲಿಸಿರೈಜಿನ್ ಒಂದೊಂದು ಮಾಲಿನಲ್ಲಿ ಒಂದೊಂದು ಥರ ಇರುತ್ತದೆ. ಕಡಿಮೆ ಅಂದರೂ ನೂರಕ್ಕೆ 4 ಅಂತ ಇಟ್ಟುಕೊಳ್ಳಿ. ಆಗ ಸಮ ಚಮಚ ಒಂದರಲ್ಲೇ 100 ಮಿಲಿಗ್ರಾಂ ಆಯಿತು. ಅವ್ವ ದಿನಕ್ಕೆ ಎರಡು ಗೋಪುರ, ಅಂದರೆ 8 ಗ್ರಾಂ ಪುಡಿ, 320 ಮಿಲಿಗ್ರಾಂ. ಅದೂ ಎರಡು ತಿಂಗಳು. ಈ ಲೆಕ್ಕ ಬರೆದ ಚೀಟಿ ಇನ್ನೂ ನಮ್ಮ ಮಸಾಲೆ ಡಬ್ಬಿಯ ಬಾಗಿಲಿಗೆ ಅಂಟಿಕೊಂಡಿದೆ.

ಹಾಗಾಗಿ ಪುಡಿ ಯಾರಿಗೆ? ಬಿಪಿ, ಹೃದಯ, ಮೂತ್ರಪಿಂಡದ ತಕರಾರಿಲ್ಲದ, ದಿನಾ ಬೇರೆ ಮಾತ್ರೆ ನುಂಗದ ವಯಸ್ಕರಿಗೆ. ದಿನಕ್ಕೆ ಒಂದೇ ಸಮ ಚಮಚ, ಎರಡು ವಾರ. ಅಷ್ಟರಲ್ಲಿ ಗುಣ ಕಾಣದಿದ್ದರೆ ಅದು ನಿಮ್ಮ ಹೊಟ್ಟೆಗೆ ಆಗಿಬರುವ ಮದ್ದಲ್ಲ. ಯುರೋಪಿನ ಔಷಧಿ ಸಂಸ್ಥೆ ಕೂಡ ಈ ಬೇರಿನ ಕಷಾಯವನ್ನು ನಾಲ್ಕು ವಾರಕ್ಕಿಂತ ಜಾಸ್ತಿ ಬೇಡ ಅನ್ನುತ್ತದೆ.

ಇನ್ನೊಂದು ಮಾತು ನಮ್ಮ ಊರಿನವರಿಗಾಗಿ. ಮಳೆಗಾಲದಲ್ಲಿ ಪುಡಿ ತರಬೇಡಿ, ತಂದರೆ 50 ಗ್ರಾಂ ತನ್ನಿ. ನಮ್ಮ ಜುಲೈ ತೇವಕ್ಕೆ ಉಪ್ಪೇ ನೀರಾಗುತ್ತದೆ. ಅತಿಮಧುರ ಗಂಟು ಕಟ್ಟುತ್ತದೆ, ಹತ್ತು ದಿನದಲ್ಲಿ ಒಂಥರಾ ಮುಗ್ಗಲು ವಾಸನೆ. ಗಂಟು ಒಡೆದಾಗ ಒಳಗೆ ಬೂದುಬಣ್ಣ ಕಂಡರೆ ಎಸೆಯಿರಿ, ಬಿಸಿಲಿಗಿಟ್ಟು ಮತ್ತೆ ಬಳಸಬೇಡಿ.

ಬೇರಿನ ಕಡ್ಡಿ

ನನಗೆ ಇಷ್ಟವಾದದ್ದು ಇದೇ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಕಲಬೆರಕೆ ಮಾಡುವುದು ಕಷ್ಟ, ಕಣ್ಣಿಗೆ ಕಾಣುತ್ತದೆ. ಹೊರಗೆ ಕಂದು, ಉದ್ದಕ್ಕೆ ಸುಕ್ಕು. ಮುರಿದರೆ ಒಳಗೆ ಹಳದಿ, ನಾರು ನಾರು. ಜಗಿದರೆ ಮೊದಲು ಸಿಹಿ, ಕೊನೆಯಲ್ಲಿ ನಾಲಿಗೆಯ ಹಿಂದೆ ಚೂರು ಕಹಿ. ಒಳಗೆ ಕಪ್ಪಾಗಿದ್ದರೆ ಹಳೆಯದು.

ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ತುಂಡು ಜಜ್ಜಿ, ಒಂದೂವರೆ ಲೋಟ ನೀರಿಗೆ ಹಾಕಿ, ಒಂದು ಲೋಟಕ್ಕೆ ಇಳಿಸಿದರೆ ಊಟವಾದ ಮೇಲೆ ಕುಡಿಯಲು ಹಿತ. ಚೂರು ಜೀರಿಗೆ ಸೇರಿಸಿದರೆ ಇನ್ನೂ ಚೆನ್ನ. ಪುಡಿಯನ್ನು ಪೂರಾ ನುಂಗುತ್ತೇವೆ, ಕಷಾಯದಲ್ಲಿ ನೀರಿಗೆ ಇಳಿದಷ್ಟೇ ಹೊಟ್ಟೆಗೆ ಹೋಗುತ್ತದೆ. ಆದರೆ ಗ್ಲಿಸಿರೈಜಿನ್ ಬಿಸಿನೀರಿನಲ್ಲಿ ಚೆನ್ನಾಗಿಯೇ ಕರಗುತ್ತದೆ. 'ಕಷಾಯ ತಾನೇ' ಅಂತ ದಿನಕ್ಕೆ ನಾಲ್ಕು ಲೋಟ ಕುಡಿದರೆ ಮತ್ತೆ ಅದೇ ಕಥೆ.

ಬೇಲಿಯಲ್ಲಿ ಸಿಗುವ ಗುಲಗಂಜಿ ಬಳ್ಳಿಯ ಬೇರನ್ನು ಅತಿಮಧುರದ ಬದಲು ಬಳಸುವ ರೂಢಿ ಕೆಲವು ಕಡೆ ಇದೆ. ಅದರ ಎಲೆ, ಬೇರೂ ಸಿಹಿಯೇ. ಆದರೆ ಆ ಕೆಂಪು-ಕಪ್ಪು ಬೀಜದಲ್ಲಿರುವ ಆಬ್ರಿನ್ ಪ್ರಾಣ ತೆಗೆಯುವ ವಿಷ. ದಯವಿಟ್ಟು ಮನೆಯಲ್ಲಿ ಆ ಪ್ರಯೋಗ ಬೇಡ.

ಎಕ್ಸ್‌ಟ್ರಾಕ್ಟ್ ಕ್ಯಾಪ್ಸುಲ್

ಜನ ಜಾಸ್ತಿ ಮೋಸ ಹೋಗುವುದು ಇಲ್ಲಿ, ಯಾಕೆಂದರೆ ನೋಡಲು ಚಿಕ್ಕದು. '400 ಮಿಲಿಗ್ರಾಂ ಅಷ್ಟೇ ಅಲ್ವಾ, ಚಮಚಕ್ಕಿಂತ ಎಷ್ಟೋ ಕಡಿಮೆ' ಅನ್ನಿಸುತ್ತದೆ. ಆದರೆ ಅದು ಬೇರನ್ನು ಇಳಿಸಿ ಗಟ್ಟಿ ಮಾಡಿದ ಸಾರ. ಲೇಬಲ್ ಮೇಲೆ '20% ಗ್ಲಿಸಿರೈಜಿನ್' ಅಂತ ಇದ್ದರೆ 400ರಲ್ಲಿ 80 ಮಿಲಿಗ್ರಾಂ. ದಿನಕ್ಕೆ ಎರಡು ನುಂಗಿದರೆ 160. ಆ ಶೇಕಡಾ ಲೆಕ್ಕ ಹೆಮ್ಮೆಯಿಂದ ದೊಡ್ಡದಾಗಿ ಹಾಕಿರುತ್ತಾರೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಹಾಗೆ. ಜೀರ್ಣಕ್ಕೆ ತಗೊಳ್ಳುವವರಿಗೆ ಅದು ಉಲ್ಟಾ. ಶೇಕಡಾವಾರು ಬರೆದೇ ಇಲ್ಲದಿದ್ದರೆ ನಾನು ಕೊಳ್ಳುವುದಿಲ್ಲ.

ಡಿಜಿಎಲ್ ಮತ್ತು ಗ್ಲಿಸಿರೈಜಿನ್ ಕಡಿಮೆ ಮಾಡಿದ ಸಾರ

ಬೇರಿನಿಂದ ಗ್ಲಿಸಿರೈಜಿನ್ ಬಹುಪಾಲು ತೆಗೆದುಹಾಕಿದ ಸಾರಕ್ಕೆ ಡಿಜಿಎಲ್ ಅನ್ನುತ್ತಾರೆ. ಸಾಮಾನ್ಯವಾಗಿ ಜಗಿಯುವ ಮಾತ್ರೆ, 380 ಅಥವಾ 400 ಮಿಲಿಗ್ರಾಂ, ಊಟಕ್ಕೆ ಇಪ್ಪತ್ತು ನಿಮಿಷ ಮೊದಲು. ನೂರಕ್ಕೆ 2ರಷ್ಟು ಗ್ಲಿಸಿರೈಜಿನ್ ಉಳಿದಿದೆ ಅಂತ ಇಟ್ಟುಕೊಂಡರೂ ಒಂದು ಮಾತ್ರೆಗೆ 8 ಮಿಲಿಗ್ರಾಂ. ಅವ್ವನ ಎರಡು ಚಮಚದ 320ರ ಪಕ್ಕ ಇಟ್ಟು ನೋಡಿ.

ಗುಣ ಇದೆಯಾ? ಇದೆ ಅನ್ನುವವರ ಕೈಯಲ್ಲಿ ಒಂದು ಹಳೆಯ ಪ್ರಯೋಗ ಇದೆ. 1982ರಲ್ಲಿ ಬ್ರಿಟನ್ನಿನಲ್ಲಿ ಹೊಟ್ಟೆಹುಣ್ಣಿನ 100 ಜನರ ಮೇಲೆ ನಡೆದದ್ದು. ಡಿಜಿಎಲ್ ಇರುವ ಮಾತ್ರೆ, ಆಗಿನ ದೊಡ್ಡ ಔಷಧಿಯಾಗಿದ್ದ ಸಿಮೆಟಿಡಿನ್‌ನಷ್ಟೇ ಕೆಲಸ ಮಾಡಿತು. ಆದರೆ ಆ ಮಾತ್ರೆಯಲ್ಲಿ ಆಂಟಾಸಿಡ್ ಕೂಡ ಸೇರಿತ್ತು. ಡಿಜಿಎಲ್ ಒಂದನ್ನೇ ಕೊಟ್ಟ ಕೆಲವು ಪ್ರಯೋಗಗಳಲ್ಲಿ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಕಾಣಲಿಲ್ಲ. ಅದನ್ನೂ ಹೇಳಬೇಕು.

ನಮ್ಮ ರಾಜ್ಯದ್ದೇ ಒಂದು ಇದೆ. ಬೆಂಗಳೂರಿನ ನ್ಯಾಚುರಲ್ ರೆಮಿಡೀಸ್ ಕಂಪನಿಯ ಗಟ್‌ಗಾರ್ಡ್ ಎಂಬ ಸಾರ. ಗ್ಲಿಸಿರೈಜಿನ್ ತೀರಾ ಕಡಿಮೆ, ಫ್ಲೇವನಾಯ್ಡ್ ಅನ್ನುವ ಬೇರೆ ಅಂಶಗಳು ಜಾಸ್ತಿ. ಅಜೀರ್ಣದ 50 ಜನರಿಗೆ ದಿನಕ್ಕೆ ಎರಡು ಸಲ 75 ಮಿಲಿಗ್ರಾಂ, 30 ದಿನ ಕೊಟ್ಟು ನೋಡಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಸುಳ್ಳು ಮಾತ್ರೆ ನುಂಗಿದವರಿಗಿಂತ ಇವರ ಹೊಟ್ಟೆಭಾರ, ತೇಗು ಕಡಿಮೆಯಾಗಿತ್ತು. 50 ಜನ ಅಂದರೆ ಚಿಕ್ಕ ಪ್ರಯೋಗ. ಆದರೂ ಇಷ್ಟು ಪ್ರಮಾಣ, ಇಷ್ಟು ದಿನ ಅಂತ ಗೊತ್ತಿರುವ ಸಾಮಾನು ಸಿಗುವುದು ಅಪರೂಪ.

ದಿನಾ ತಗೊಳ್ಳಲೇಬೇಕು ಅನ್ನುವವರಿಗೆ ನನ್ನ ಆಯ್ಕೆ ಈ ಗುಂಪಿನದ್ದೇ. ಬೆಲೆ ಪುಡಿಗಿಂತ ಎಷ್ಟೋ ಜಾಸ್ತಿ. ಹಳ್ಳಿಯ ಮೆಡಿಕಲ್‌ನಲ್ಲಿ ಸಿಗುವುದಿಲ್ಲ, ತರಿಸಬೇಕು. ಬಿಪಿ ಇರುವವರು ಇದನ್ನೂ ಡಾಕ್ಟರಿಗೆ ಕೇಳಿಯೇ ಶುರು ಮಾಡಿ.

ಅತಿಮಧುರವೇ ಬೇಕಾ?

ಇದು ಆಂಟಾಸಿಡ್ ಹಾಗೆ ಆಮ್ಲವನ್ನು ಆ ಕ್ಷಣಕ್ಕೆ ತಗ್ಗಿಸುವುದಿಲ್ಲ. ಹೊಟ್ಟೆಯ ಒಳಪದರಕ್ಕೆ ಲೋಳೆಯ ಕಾಪು ಹೆಚ್ಚಿಸುವ ನಿಧಾನದ ಮದ್ದು. ಪಂದಿಕರಿ ತಿಂದು ರಾತ್ರಿ ಹನ್ನೊಂದಕ್ಕೆ ಉರಿ ಶುರುವಾದರೆ ಎರಡು ಚಮಚ ಆಂಟಾಸಿಡ್ ಜೆಲ್ಲೇ ಬೇಗ ಕೆಲಸ ಮಾಡುವುದು. ನೀರಿಗೆ ಹಾಕಿದರೆ ಬುರಬುರ ಅನ್ನುವ ಉಪ್ಪಿನಲ್ಲಿ ಸೋಡಿಯಂ ಇರುತ್ತದೆ, ಬಿಪಿಯವರು ಅದನ್ನು ಅಭ್ಯಾಸ ಮಾಡಿಕೊಳ್ಳಬಾರದು. ಬರೀ ಗಾಳಿ, ಉಬ್ಬರ ಅಂದರೆ ಓಂಕಾಳು, ಜೀರಿಗೆ ನೀರು ಸಾಕು. ಮಲಬದ್ಧತೆಗೆ ಇಸಬಗೋಲು. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಎದೆಯುರಿ ಬರುತ್ತಿದ್ದರೆ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಥರದ ಮಾತ್ರೆ ಬೇಕಾಗಬಹುದು. ಅದನ್ನು ಎಷ್ಟು ದಿನ ಅಂತ ಡಾಕ್ಟರ್ ಹೇಳಲಿ. ಹೊಟ್ಟೆಯಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದ್ದರೆ ಅದಕ್ಕೆ ಆಂಟಿಬಯೋಟಿಕ್ ಬೇಕು, ಬೇರು ಸಾಲದು.

ಊಟದ ನಂತರ ಹೊಟ್ಟೆ ಭಾರ, ಬೇಗ ತುಂಬಿದ ಹಾಗೆ ಆಗುವುದು, ಮೇಲ್ಹೊಟ್ಟೆಯಲ್ಲಿ ಸಣ್ಣ ಉರಿ, ಇವು ವಾರಗಟ್ಟಲೆ ಕಾಡುತ್ತಿದ್ದರೆ ಮಾತ್ರ ಅತಿಮಧುರಕ್ಕೆ ಒಂದು ಅವಕಾಶ ಕೊಡಬಹುದು. ಜೊತೆಗೆ ಆ ಮೊದಲ ಕಾಫಿಗೆ ಮುಂಚೆ ಒಂದು ಅಕ್ಕಿ ರೊಟ್ಟಿಯ ಚೂರಾದರೂ ಹೊಟ್ಟೆಗೆ ಹೋಗಲಿ. ಅವ್ವನಿಗೆ ಕೊನೆಗೆ ಹೆಚ್ಚು ಉಪಕಾರವಾದದ್ದು ಅದೇ.

ಯಾರು ಮುಟ್ಟಲೇಬಾರದು

ಗರ್ಭಿಣಿಯರು ಬೇಡ. ಬಿಪಿ, ಹೃದಯದ ತೊಂದರೆ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ ಇರುವವರು ಪುಡಿ, ಕಷಾಯ, ಮಾಮೂಲಿ ಕ್ಯಾಪ್ಸುಲ್ ಬಿಡಿ. ಮಾತ್ರೆಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು 'ನೀರಿನ ಮಾತ್ರೆ', ಅಂದರೆ ಮೂತ್ರ ಹೆಚ್ಚಿಸುವುದು. ಫ್ಯೂರೊಸೆಮೈಡ್, ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ತಾಲಿಡೋನ್ ಇವೆಲ್ಲ ಪೊಟ್ಯಾಸಿಯಂ ಇಳಿಸುತ್ತವೆ, ಅತಿಮಧುರವೂ ಇಳಿಸುತ್ತದೆ. ಎಷ್ಟೋ ಬಿಪಿ ಮಾತ್ರೆಗಳಲ್ಲಿ ಇವು ಇನ್ನೊಂದರ ಜೊತೆ ಸೇರಿಕೊಂಡೇ ಬರುತ್ತವೆ. ಅವ್ವನ ಮಾತ್ರೆಯಲ್ಲೂ ಒಂದು ಇತ್ತು, ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ. ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ತಗೊಳ್ಳುವವರಿಗೆ ಪೊಟ್ಯಾಸಿಯಂ ಇಳಿದರೆ ಪ್ರಾಣಕ್ಕೇ ಕುತ್ತು. ಸ್ಟೀರಾಯ್ಡ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತಗೊಳ್ಳುವವರೂ ದೂರ ಇರಿ.

ಮತ್ತೆ, ಗೊತ್ತಿಲ್ಲದೆ ಒಳಗೆ ಹೋಗುವ ಅತಿಮಧುರ. ನಮ್ಮ ಮಳೆಗಾಲ ಅಂದರೆ ಕೆಮ್ಮು. ಗಿಡಮೂಲಿಕೆಯ ಕೆಮ್ಮಿನ ಸಿರಪ್, ಗಂಟಲ ಗುಳಿಗೆ, ಹರ್ಬಲ್ ಟೀ ಹಲವುದರಲ್ಲಿ ಇದು ಇರುತ್ತದೆ. ಕುಶಾಲನಗರದ ಕಡೆಯವರು ಬೈಲಕುಪ್ಪೆಗೆ ಹೋಗಿ ಟಿಬೆಟನ್ ಗುಳಿಗೆ ತರುತ್ತಾರೆ. ಆ ವೈದ್ಯದಲ್ಲೂ ಅತಿಮಧುರ ಸಾಮಾನ್ಯ. ಎಲ್ಲ ಕೂಡಿಸಿ 100ರ ಲೆಕ್ಕ ನೋಡಬೇಕು.

ನಮ್ಮಲ್ಲಿ ಮದ್ದ್ ತೊಪ್ಪು ಎಂಬ ಔಷಧಿ ಸೊಪ್ಪನ್ನು ಕಕ್ಕಡದ ಹದಿನೆಂಟಕ್ಕೆ ಬೇಯಿಸಿ ಪಾಯಸ ಮಾಡಿ ತಿನ್ನುತ್ತೇವೆ. ಅದಕ್ಕೆ ಒಂದು ದಿನ ಅಂತ ಗೊತ್ತು ಮಾಡಿದ್ದಾರೆ ಹಿರಿಯರು. ಅತಿಮಧುರದ ಡಬ್ಬಿಯ ಮೇಲೂ ಶುರು ಮಾಡಿದ ತಾರೀಕು, ನಿಲ್ಲಿಸುವ ತಾರೀಕು ಎರಡನ್ನೂ ಪೆನ್ನಿನಿಂದ ಬರೆದುಬಿಡಿ. ನಾನು ಈಗ ಹಾಗೇ ಮಾಡುತ್ತೇನೆ.

ಕೊಳ್ಳುವಾಗ

ಆಯುರ್ವೇದ ಔಷಧಿಯಾದರೆ ತಯಾರಿಕೆಯ ಲೈಸೆನ್ಸ್ ನಂಬರ್ ಇರುತ್ತದೆ. ಸಪ್ಲಿಮೆಂಟ್ ಅಂತ ಮಾರುವುದಾದರೆ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್. ಎರಡೂ ಇಲ್ಲದ ಪ್ಲಾಸ್ಟಿಕ್ ಕವರಿನ ಪುಡಿಯನ್ನು, ಕೊಡುವವರು ಎಷ್ಟೇ ಬೇಕಾದವರಾಗಿರಲಿ, ಬೇಡ ಅನ್ನಿ. ಯಾವ ಭಾಗ ಬಳಸಿದ್ದಾರೆ, ಬೇರಾ ಸಾರವಾ, ಎಷ್ಟು ಮಿಲಿಗ್ರಾಂ, ತಯಾರಾದ ತಿಂಗಳು ಯಾವುದು, ಅಷ್ಟು ಓದಿದರೆ ಸಾಕು.

ತಗೊಳ್ಳಲು ಶುರು ಮಾಡಿದ ಮೇಲೆ ವಾರಕ್ಕೊಂದು ಸಲ ಬಿಪಿ ನೋಡಿಸಿ. ಕಾಲು ಊದಿದರೆ, ತಲೆನೋವು ಬಂದರೆ, ಸ್ನಾಯು ಹಿಡಿದುಕೊಂಡರೆ, ಎದೆ ಡವಡವ ಅಂದರೆ ಆ ದಿನವೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಮಲ ಡಾಂಬರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ, ಸುಮ್ನೆ ತೂಕ ಇಳಿಯುತ್ತಿದ್ದರೆ ಯಾವ ಬೇರನ್ನೂ ಹುಡುಕುತ್ತಾ ಕೂರಬೇಡಿ. ಬೆವರಿನ ಜೊತೆ ಎದೆ ಬಿಗಿದು, ನೋವು ಎಡಗೈಗೋ ದವಡೆಗೋ ಹರಿದರೆ ಅದನ್ನು 'ಗ್ಯಾಸ್ಟ್ರಿಕ್' ಅಂತ ಕರೆಯಲೇಬೇಡಿ. ತೋಟದ ಮನೆಯಿಂದ ಪೇಟೆ ಆಸ್ಪತ್ರೆಗೆ ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತಲ್ವಾ, ತಕ್ಷಣ ಹೊರಡಿ.

ಹೋಗುವಾಗ ಆ ಪುಡಿಯ ಡಬ್ಬಿ, ಸಿರಪ್ಪಿನ ಬಾಟಲಿ, ಗುಳಿಗೆಯ ಪೊಟ್ಟಣ, ಮನೆಯಲ್ಲಿ ಏನಿದೆಯೋ ಎಲ್ಲ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ, ಡಾಕ್ಟರ ಮೇಜಿನ ಮೇಲೆ ಇಡಿ.